ಸೊನ್ನೆ ತೋರಿಸುವ ಡಿಟೆಕ್ಟರನ್ನು ನಂಬಬಹುದೆ?

ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಅನಿಲ ತೈಲ ಶುದ್ಧೀಕರಣಾಗಾರಗಳಲ್ಲೂ ಕೊಳಚೆನೀರಿನ ಘಟಕಗಳಲ್ಲೂ ದಿನನಿತ್ಯದ ಅಪಾಯ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು, ಅಂದರೆ 1 ಪಿಪಿಎಂ, ಆಗುವ ಮೊದಲೇ ಮೂಗಿಗೆ ತಿಳಿಯುತ್ತದೆ. ಆದರೆ 100 ಪಿಪಿಎಂ ಆಸುಪಾಸಿಗೆ ಏರಿದಾಗ ಕೆಲವೇ ನಿಮಿಷಗಳಲ್ಲಿ ಮೂಗು ಸೋಲುತ್ತದೆ. ನಾತ ಹೋಯಿತೆಂದು ನೆಮ್ಮದಿಪಡುವ ಹೊತ್ತಿಗೆ ಜೀವಕ್ಕೇ ಕುತ್ತು. ಪಂಪು, ವಾಲ್ವುಗಳ ಬಳಿ ಡಿಟೆಕ್ಟರ್ ಬಿಗಿದಿರುವುದು ಅದಕ್ಕಾಗಿ. ಈ ಅನಿಲ ಗಾಳಿಗಿಂತ ತುಸು ಭಾರ, ಹಾಗಾಗಿ ಮೊಣಕಾಲೆತ್ತರದಲ್ಲಿ ಕೂರಿಸುವುದು ವಾಡಿಕೆ.

ಒಳಗಿರುವುದು ಪುಟ್ಟ ಎಲೆಕ್ಟ್ರೋಕೆಮಿಕಲ್ ಸೆಲ್. ಪೊರೆಯ ಮೂಲಕ ಒಳಬಂದ ಅನಿಲ ಅಲ್ಲಿ ಉತ್ಕರ್ಷಣಗೊಂಡು, ತನ್ನ ಪ್ರಮಾಣಕ್ಕೆ ತಕ್ಕಷ್ಟು ಕರೆಂಟು ಹುಟ್ಟಿಸುತ್ತದೆ. ಡಿಟೆಕ್ಟರ್ ಅದನ್ನು 4ರಿಂದ 20 ಮಿಲಿಆಂಪಿಯರ್ ಸಂಕೇತವಾಗಿ ಕಂಟ್ರೋಲ್ ರೂಮಿಗೆ ಕಳಿಸುತ್ತದೆ. 100 ಪಿಪಿಎಂವರೆಗೆ ಅಳೆಯುವ ಡಿಟೆಕ್ಟರಿನಲ್ಲಿ 4 ಎಂದರೆ ಸೊನ್ನೆ, 8 ಎಂದರೆ 25 ಪಿಪಿಎಂ, 20 ಎಂದರೆ 100. ಸೊನ್ನೆಗೂ 4 ಇಟ್ಟದ್ದು ಜಾಣತನ: ವೈರು ತುಂಡಾದರೆ ಕರೆಂಟೇ ಇರುವುದಿಲ್ಲ, ದೋಷ ಕೂಡಲೇ ಗೊತ್ತಾಗುತ್ತದೆ. ಆ ಜಾಣತನ ಸೆಲ್ಲಿನವರೆಗೆ ಮುಟ್ಟುವುದಿಲ್ಲ. ಒಣಹವೆಗೆ ಸೆಲ್ಲಿನ ಆಮ್ಲದ್ರಾವಣ ಆರಿರಲಿ, ಪೊರೆಗೆ ಧೂಳೋ ಗೋಡೆಯ ಬಣ್ಣವೋ ಮೆತ್ತಿರಲಿ, ಸಂಕೇತ ಅದೇ 4. ಗಾಳಿ ಶುದ್ಧವಿದ್ದರೂ 4. ಕೆಲವು ಹೊಸ ಡಿಟೆಕ್ಟರುಗಳು ತಮ್ಮ ಸೆಲ್ಲನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ ನಿಜ, ಆದರೆ ಪೊರೆ ಮುಚ್ಚಿಹೋದದ್ದು ಅವಕ್ಕೂ ತಿಳಿಯದಿರಬಹುದು. ಅಳತೆ ಗೊತ್ತಿರುವ ವಿಷಾನಿಲವನ್ನೇ ಉಣಿಸಿ ನೋಡದೆ ಗತ್ಯಂತರವಿಲ್ಲ. ಹಾಗೆ ನೋಡಿ ಅಂಕಿಯನ್ನು ಸರಿಪಡಿಸುವುದೇ ಕ್ಯಾಲಿಬ್ರೇಷನ್.

ಮೊದಲು ಕಂಟ್ರೋಲ್ ರೂಮಿಗೆ ತಿಳಿಸಿ ಆ ಡಿಟೆಕ್ಟರಿನ ಅಲಾರಂ ತಡೆಹಿಡಿಸಬೇಕು; ಇಲ್ಲದಿದ್ದರೆ ಘಟಕವೇ ಬಂದ್ ಆದೀತು. ಆಮೇಲೆ ಸೊನ್ನೆ ಹೊಂದಿಸುವುದು. ಸುತ್ತಲ ಗಾಳಿಯ ಬಗ್ಗೆ ಖಾತರಿ ಇಲ್ಲದಿದ್ದರೆ ಸಿಲಿಂಡರಿನ ಶುದ್ಧ ಗಾಳಿಯೇ ಬೇಕು. 3 ಪಿಪಿಎಂ ಸೋರಿಕೆ ಇರುವಲ್ಲಿ ಸೊನ್ನೆಯ ಗುಂಡಿ ಒತ್ತಿದರೆ, ಆ 3 ಪಿಪಿಎಂ ಮುಂದೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಳಿಕ 25 ಪಿಪಿಎಂ ಅನಿಲದ ಸಿಲಿಂಡರ್. ಅದರ ಮೇಲಿನ ಅವಧಿ ಮುಗಿಯುವ ತಾರೀಖು ನೋಡಲೇಬೇಕು, ಈ ಅನಿಲ ಸಿಲಿಂಡರಿನೊಳಗೇ ಕ್ಷೀಣಿಸುತ್ತದೆ. ರಬ್ಬರ್ ಕೊಳವೆಗೂ ಅದು ಅಂಟಿಕೊಳ್ಳುವುದರಿಂದ ಗಿಡ್ಡನೆಯ ಟೆಫ್ಲಾನ್ ಕೊಳವೆ ಒಳ್ಳೆಯದು. ಸೆನ್ಸರಿಗೆ ಟೋಪಿ ತೊಡಿಸಿ, ತಯಾರಕರು ಹೇಳಿದ ವೇಗದಲ್ಲಿ (ಸಾಮಾನ್ಯವಾಗಿ ನಿಮಿಷಕ್ಕೆ ಅರ್ಧ ಲೀಟರಿನಷ್ಟು) ಅನಿಲ ಬಿಟ್ಟು, ಅಂಕಿ ನಿಲ್ಲುವವರೆಗೆ ಕಾಯಬೇಕು.

ಇಲ್ಲಿ ಆತುರಗಾರರು ನೇರವಾಗಿ 25ಕ್ಕೆ ತಿದ್ದಿಬಿಡುತ್ತಾರೆ. ನನ್ನ ಮಟ್ಟಿಗೆ, ತಿದ್ದುವ ಮುಂಚೆ ಅದು ತೋರಿಸಿದ ಅಂಕಿಯೇ ಇಡೀ ಕೆಲಸದಲ್ಲಿ ಬೆಲೆಯುಳ್ಳದ್ದು. 25 ಕೊಟ್ಟಾಗ 15 ಬಂತೆನ್ನಿ. ಹಾಗಿದ್ದರೆ 10 ಪಿಪಿಎಂಗೆ ಇಟ್ಟ ಅಲಾರಂ ನಿಜಪ್ರಮಾಣ ಸುಮಾರು 17 ಮುಟ್ಟುವವರೆಗೂ ಬಾಯಿ ಬಿಡುತ್ತಿರಲಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿ ಈ ಅನಿಲಕ್ಕೆ ಎಂಟು ಗಂಟೆಯ ಸರಾಸರಿಯಾಗಿ 10, ಅಲ್ಪಾವಧಿಗೆ 15 ಪಿಪಿಎಂ ಮಿತಿ ಕೊಟ್ಟಿತ್ತು. ಎರಡೂ ದಾಟಿದ ಮೇಲಷ್ಟೇ ಸದ್ದು! ತಿದ್ದಿದ ಅಂಕಿಯೊಂದನ್ನೇ ಬರೆದಿಟ್ಟ ದಾಖಲೆಯಲ್ಲಿ ಈ ಸಂಗತಿಯ ಸುಳಿವೇ ಇರುವುದಿಲ್ಲ. ಮೊದಲಿನ ಅಂಕಿಯನ್ನೂ ಬರೆಯುತ್ತ ಹೋದರೆ 24, 21, 18 ಎಂದು ಇಳಿಯುವುದು ಕಾಣುತ್ತದೆ. ಸೆಲ್ ಯಾವಾಗ ಬದಲಿಸಬೇಕು, ಮುಂದಿನ ಕ್ಯಾಲಿಬ್ರೇಷನ್ ಎಷ್ಟು ಬೇಗ ಮಾಡಬೇಕು ಎಂಬುದು ಅದರಿಂದಲೇ ಗೊತ್ತಾಗುತ್ತದೆ.

ಕೊನೆಗೆ ಟೋಪಿ ತೆಗೆದು, ಅಂಕಿ ಸೊನ್ನೆಗೆ ಇಳಿದ ಮೇಲೆ, ತಡೆಹಿಡಿದ ಅಲಾರಂ ಮತ್ತೆ ಚಾಲೂ ಆಯಿತೆಂದು ಕಂಟ್ರೋಲ್ ರೂಮಿನಿಂದ ಹೇಳಿಸಿಕೊಂಡೇ ಅಲ್ಲಿಂದ ಕದಲಬೇಕು.