ಕೇಪಿನ ಕೋವಿಯ ಗುರಿ ತಪ್ಪುವುದೆಲ್ಲಿ?

ಸೆಪ್ಟೆಂಬರ್ ಬಂತೆಂದರೆ ಬೆಂಗಳೂರಿನ ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಕೊಡಗಿನ ಮನೆಗಳಲ್ಲಿ ಊರಿಗೆ ಹೊರಡುವ ಗಡಿಬಿಡಿ. 3ರಂದು ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್. ಮೈಸೂರು ರಸ್ತೆ ಹಿಡಿದು ಕುಲದ ಮೂಲಮನೆಯಾದ ಐನ್‌ಮನೆ ಸೇರಿ, ತೋಕ್‌ಪೂ ಮುಡಿಸಿದ ಕೋವಿಗೆ ಕೈಮುಗಿದರೆ, ಮುಂದೆ ತೆಂಗಿನಕಾಯಿಗೆ ಗುರಿ ಇಡುವ ಸಂಭ್ರಮ. ಈಗ ಹೆಚ್ಚಿನವರ ಕೈಯಲ್ಲಿರುವುದು ತೋಟಾ ಕೋವಿ. ಆದರೆ ಅಜ್ಜನ ಕಾಲದ ಕೇಪಿನ ಕೋವಿ, ಅಂದರೆ ಮೂತಿಯಿಂದಲೇ ಮದ್ದು, ಗುಂಡು ತುಂಬುವ ಕೋವಿ ಹೊರಬಂದ ಕಡೆ ಒಂದು ಗುಂಡು ಎಡಕ್ಕೆ, ಇನ್ನೊಂದು ಮೇಲಕ್ಕೆ ಹೋಗುತ್ತದೆ. ತಕ್ಷಣ ಎಲ್ಲರ ಕಣ್ಣು ನಳಿಗೆ ತುದಿಯ ಗುರಿಮೊಳೆಯ ಮೇಲೆ. ಯಾರೋ ಅರವನ್ನೂ ತರುತ್ತಾರೆ. ದಯವಿಟ್ಟು ಅರ ಕೆಳಗಿಡಿ. ದೋಷ ಬಹುಪಾಲು ಮೊಳೆಯಲ್ಲಿರುವುದಿಲ್ಲ, ಈಡಿನಲ್ಲಿ, ಅಂದರೆ ಒಂದು ಏಟಿಗೆ ತುಂಬುವ ಮದ್ದು, ಗುಂಡಿನಲ್ಲಿ ಇರುತ್ತದೆ.

ನಗರದ ಶೂಟಿಂಗ್ ರೇಂಜುಗಳಲ್ಲಿ ಮಕ್ಕಳು ಹೊಡೆಯುವ 10 ಮೀಟರ್ ಏರ್ ರೈಫಲ್‌ನ ಗುರಿಹಲಗೆಯಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ. ಅಲ್ಲಿ ಗುಂಡು ಕಾರ್ಖಾನೆಯಿಂದ ಒಂದೇ ಅಳತೆಯಲ್ಲಿ ಬರುತ್ತದೆ, ಗಾಳಿಯ ಒತ್ತಡವೂ ಪ್ರತಿ ಸಲ ಒಂದೇ. ಹಾಗಾಗಿ ಗುರಿಪಟ್ಟಿಯ ತಿರುಪು ತಿರುಗಿಸಿದರೆ ಗುರಿ ಸರಿಹೋಗುತ್ತದೆ. ಕೇಪಿನ ಕೋವಿಯಲ್ಲಿ ಪ್ರತಿ ಈಡನ್ನೂ ಹೊಡೆಯುವವನೇ ತಯಾರಿಸಬೇಕು. ಮದ್ದು ಕಣ್ಣಂದಾಜಿನಲ್ಲಿ ಸುರಿದರೆ ಗುಂಡಿನ ವೇಗ ಏರಿಳಿಯುತ್ತದೆ, ಏಟು ಮೇಲೆ ಕೆಳಗೆ ಚದುರುತ್ತದೆ. ಕೋವಿಗೆ ಗೊತ್ತುಪಡಿಸಿದ ಮಿತಿಯೊಳಗೆ ಒಂದೇ ಅಳತೆಪಾತ್ರೆ ಇರಲಿ. ಅದರಲ್ಲಿ ಕರಿಮದ್ದಲ್ಲದೆ ತೋಟೆಯ ಹೊಗೆರಹಿತ ಮದ್ದು ಎಂದೂ ಬೀಳಕೂಡದು, ನಳಿಗೆ ಸಿಡಿಯುತ್ತದೆ.

ಗಜದಿಂದ, ಅಂದರೆ ಈಡು ಜಡಿಯುವ ಕೋಲಿನಿಂದ ಜಡಿಯುವುದರಲ್ಲೂ ಕೈ ಒಂದೇ ಹದದಲ್ಲಿರಬೇಕು. ಸರಿಯಾಗಿ ತುಂಬಿದ ಈಡಿನ ಮೇಲೆ ಗಜ ಎಲ್ಲಿಗೆ ನಿಲ್ಲುತ್ತದೋ ಅಲ್ಲೊಂದು ಗೀರು ಹಾಕಿಟ್ಟರೆ ಗುಂಡು ಮದ್ದಿಗೆ ತಾಗಿ ಕೂತಿದೆಯೋ ಇಲ್ಲವೋ ಗೊತ್ತಾಗುತ್ತದೆ. ನಡುವೆ ಖಾಲಿ ಜಾಗ ಉಳಿದರೆ ಗುರಿ ಕೆಡುವುದಷ್ಟೇ ಅಲ್ಲ, ನಳಿಗೆಯೇ ಬಿರಿಯಬಹುದು. ಗುಂಡಿಗೆ ಸುತ್ತುವ ಬಟ್ಟೆಯ ದಪ್ಪ ಬದಲಾದರೂ ಏಟು ಬದಲಾಗುತ್ತದೆ. ಇನ್ನು ಮಸಿ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದಲ್ಲೇ ಉಳಿಯುತ್ತದೆ. ಕೊಡಗಿನ ಮಳೆಗಾಲದ ತೇವಕ್ಕೆ ನಳಿಗೆಯೊಳಗಿನ ಆ ಮಸಿ ಅಂಟಂಟಾಗುತ್ತದೆ. ಮೊದಲ ಗುಂಡು ಸರಾಗವಾಗಿ ಇಳಿದು ಮೂರನೆಯದು ಬಿಗಿಯಾದರೆ ಕಾರಣ ಇದೇ. ಪ್ರತಿ ಏಟಿನ ನಂತರ ಒದ್ದೆಬಟ್ಟೆ, ಹಿಂದೆಯೇ ಒಣಬಟ್ಟೆ ಎಳೆಯಬೇಕು.

ವರ್ಷವಿಡೀ ಗೋಡೆಯ ಮೇಲಿದ್ದ ಕೋವಿಯ ಮೊದಲ ಏಟು ಹಳೆಯ ಎಣ್ಣೆಯಿಂದಲೇ ದಾರಿ ತಪ್ಪುತ್ತದೆ. ಮಲೆನಾಡಿನ ರೈತರು ಚುನಾವಣೆಗೆ ಮುಂಚೆ ಠಾಣೆಯಲ್ಲಿ ಠೇವಣಿ ಇಟ್ಟು ಬಿಡಿಸಿಕೊಂಡ ಬೆಳೆರಕ್ಷಣೆ ಕೋವಿಗೂ ಇದೇ ಪಾಡು. ತುಂಬುವ ಮೊದಲು ನಳಿಗೆ ಖಾಲಿಯೆಂದು ಖಚಿತಪಡಿಸಿಕೊಂಡು ಒರೆಸಿ, ಬರೀ ಕೇಪು (ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿ) ಸಿಡಿಸಿ, ಕಿಡಿ ಹಾಯುವ ಕಿಂಡಿ ಒಣಗಿಸಬೇಕು. ಈಡು ತುಂಬಿದ ಮೇಲೆ ಕೇಪು ಸಿಡಿದೂ ಮದ್ದು ಹತ್ತದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷವಾದರೂ ಕಾಯಲೇಬೇಕು.

ಇಷ್ಟಾದರೂ ಗುಂಡು ಚದುರಿದರೆ ನಳಿಗೆಯ ಒಳಮೈ ನೋಡಿ. ನಮ್ಮ ಹಳೆಯ ಕೋವಿಗಳಲ್ಲಿ ಬಹಳಷ್ಟರ ಒಳಮೈ ನುಣುಪು, ಸುರುಳಿಗೀರು ಇರುವುದಿಲ್ಲ. 1742ರಲ್ಲಿ ‘ನ್ಯೂ ಪ್ರಿನ್ಸಿಪಲ್ಸ್ ಆಫ್ ಗನ್ನರಿ’ ಪ್ರಕಟಿಸಿದ ಬೆಂಜಮಿನ್ ರಾಬಿನ್ಸ್ ಇಂಥ ನಳಿಗೆಯ ಗುಂಡು ಚದುರುವ ಗುಟ್ಟು ಬಿಡಿಸಿದವರು. ಸಡಿಲ ಗುಂಡು ನಳಿಗೆಯ ಒಂದು ಬದಿಗೆ ಉಜ್ಜಿ ಅಡ್ಡಾದಿಡ್ಡಿ ತಿರುಗುತ್ತಾ ಹೊರಬೀಳುತ್ತದೆ, ಆ ತಿರುಗಾಟವೇ ಗಾಳಿಯಲ್ಲಿ ಅದನ್ನು ಪಕ್ಕಕ್ಕೆಳೆಯುತ್ತದೆ. ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿ ಹೊಡೆದಾಗ ಗುಂಡು ಮೊದಲು ಎಡಕ್ಕೆ ಹೊರಟು ಕೊನೆಗೆ ಬಲಕ್ಕೆ ಬಾಗಿದ್ದನ್ನು ಅವರು ತೋರಿಸಿದರು. ಕೋಟೆಗಳನ್ನು ಬಲಪಡಿಸಲು ಭಾರತಕ್ಕೆ ಬಂದ ರಾಬಿನ್ಸ್ 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು. ನುಣುಪು ನಳಿಗೆಯಿಂದ ರೈಫಲ್‌ನ ನಿಖರತೆ ಬಯಸುವುದು ಅನ್ಯಾಯ. ಬಟ್ಟೆ ಸುತ್ತಿ ಗುಂಡನ್ನು ಬಿಗಿಯಾಗಿ ಕೂರಿಸಿ, ದೂರ ತಗ್ಗಿಸುವುದೇ ದಾರಿ.

ಮರಳಚೀಲದ ಮೇಲೆ ಕೋವಿ ಆನಿಸಿ, ಅದೇ ಈಡಿನಲ್ಲಿ ಹೊಡೆದ ಮೂರು ಗುಂಡುಗಳೂ ಒಂದೆಡೆ ಗುಂಪಾಗಿ, ಆದರೆ ಗುರಿಯಿಂದ ದೂರ ಬಿದ್ದರೆ ಮಾತ್ರ ಮೊಳೆಯ ಸರದಿ. ಅದಕ್ಕೂ ಮೊದಲು ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂತಿತ್ತೇ ನೋಡಿಕೊಳ್ಳಿ. ಹಿಂದಿನ ಗುರಿಪಟ್ಟಿಯೇ ಇಲ್ಲದ ಕೋವಿಯಲ್ಲಿ ಆ ಕೆಲಸ ಮಾಡುವುದು ನಿಮ್ಮ ಕಣ್ಣು. ಹಿಂದಿನ ಪಟ್ಟಿಗೂ ಮೊಳೆಗೂ 75 ಸೆಂಟಿಮೀಟರ್ ಅಂತರವಿದ್ದು, 30 ಮೀಟರ್ ದೂರದಲ್ಲಿ ಗುಂಡು 20 ಸೆಂಟಿಮೀಟರ್ ಕೆಳಗೆ ಬೀಳುತ್ತಿದ್ದರೆ ಮೊಳೆಯ ಎತ್ತರ 5 ಮಿಲಿಮೀಟರ್ ತಗ್ಗಬೇಕು. ಮೊಳೆ ತಗ್ಗಿದಷ್ಟೂ ಏಟು ಮೇಲೇರುತ್ತದೆ. ಲೆಕ್ಕದ ಅರ್ಧದಷ್ಟೇ ಉಜ್ಜಿ, ಮತ್ತೆ ಮೂರು ಗುಂಡು ಹೊಡೆದು ನೋಡಿ.

ಅಂದೇ ಸಂಜೆ ನಳಿಗೆಗೆ ಬಿಸಿನೀರು ಹುಯ್ದು ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ಮದ್ದಿನ ಅಳತೆ, ಬಟ್ಟೆಯ ದಪ್ಪ, ಗಜದ ಗೀರು, ಇಷ್ಟನ್ನು ಬರೆದ ಚೀಟಿಯೊಂದು ಐನ್‌ಮನೆಯಲ್ಲೇ ಉಳಿದರೆ ಮುಂದಿನ ಸೆಪ್ಟೆಂಬರ್‌ನಲ್ಲಿ ಕೆಂಗೇರಿಯಿಂದ ಬರುವ ಹುಡುಗರು ಮೊದಲಿನಿಂದ ತಡಕಾಡಬೇಕಿಲ್ಲ.