‘ಇಲ್’ ಮತ್ತು ‘ಸಿಕ್’

ಇಂಗ್ಲಿಷಿನ ‘ಇಲ್’ ಮತ್ತು ‘ಸಿಕ್’ ಎಂಬ ಎರಡು ಶಬ್ದಗಳಿಗೂ ನಾವು ಶಾಲೆಯಲ್ಲಿ ಕಲಿತ ಅರ್ಥ ಒಂದೇ, ಕಾಯಿಲೆ. ಆದರೆ ಇವು ಒಂದೇ ಮನೆಯ ಮಕ್ಕಳಲ್ಲ. ‘ಸಿಕ್’ ಎಂಬುದು ಹಳೆಯ ಇಂಗ್ಲಿಷಿನ ಸ್ವಂತ ಸೊತ್ತು; ‘ಇಲ್’ ಸ್ಕಾಂಡಿನೇವಿಯದ ಜನರಿಂದ ಬಂದುದು. ಮೊದಲು ಅದಕ್ಕೆ ‘ಕೆಟ್ಟದ್ದು’ ಎಂಬಷ್ಟೇ ಅರ್ಥವಿದ್ದಿತು; ರೋಗದ ಅರ್ಥ ಆಮೇಲೆ ಸೇರಿತು.

ವೈಟ್‌ಫೀಲ್ಡಿನ ಕಚೇರಿಯೊಂದರಿಂದ ಲಂಡನ್ನಿನವರೊಡನೆ ಮಾತನಾಡುವ ತರುಣನು ‘ನಿನ್ನೆ ರಾತ್ರಿ ಸಿಕ್ ಆಗಿದ್ದೆ’ ಎಂದರೆ, ಅವನು ವಾಂತಿ ಮಾಡಿಕೊಂಡನೆಂದೇ ಅವರು ತಿಳಿದಾರು. ಅದೇ ಮಾತನ್ನು ಅಮೆರಿಕದವರು ಯಾವ ಕಾಯಿಲೆಗಾದರೂ ಅನ್ವಯಿಸಿಕೊಳ್ಳುತ್ತಾರೆ. ಆದರೂ ಲಂಡನ್ನಿನವರು ರಜೆ ಕೇಳುವಾಗ ‘ಸಿಕ್ ಲೀವ್’ ಎನ್ನುತ್ತಾರಲ್ಲದೆ ‘ಇಲ್ ಲೀವ್’ ಎನ್ನುವುದಿಲ್ಲ. ರೂಢಿಗೆ ಕಾರಣ ಕೇಳಿ ಫಲವಿಲ್ಲ. ನಷ್ಟದಲ್ಲಿ ಬಂಡವಾಳವೆಲ್ಲ ಕರಗಿಹೋದ ಕಂಪೆನಿಯನ್ನು ಸಹ 1985ರ ಕಾಯಿದೆಯೊಂದು ‘ಸಿಕ್’ ಎಂದೇ ಕರೆಯಿತು!

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರಿಗಾದರೋ ಈ ಭೇದವು ಪಾಂಡಿತ್ಯದ ವಿಷಯವಲ್ಲ, ಕೂಲಿಯ ವಿಷಯ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯು ‘ಸಿಕ್‌ನೆಸ್’ ಎಂಬುದಕ್ಕೆ ಕೊಟ್ಟ ಅರ್ಥದಲ್ಲಿ ಎರಡು ಅಂಗಗಳಿದ್ದುವು. ರೋಗಿಗೆ ಚಿಕಿತ್ಸೆ ಬೇಕಾಗಿರತಕ್ಕದ್ದು. ಮತ್ತು ಅದರ ದೆಸೆಯಿಂದ ಅವನು ಕೆಲಸ ಬಿಟ್ಟಿರಲೇಬೇಕಾಗತಕ್ಕದ್ದು. ಜ್ವರದಿಂದ ತಲೆ ಸುತ್ತುತ್ತಿದ್ದರೂ ಲೇತಿನ ಮುಂದೆ ನಿಂತೇ ಇರುವವನು ‘ಇಲ್’ ಆಗಿರುವುದು ನಿಜ; ಆ ಕಾಯಿದೆಯ ಕಣ್ಣಿಗೆ ಮಾತ್ರ ಅವನು ‘ಸಿಕ್’ ಅಲ್ಲ. ಕಂತು ಸಂದಿದ್ದು, ವಿಮಾ ವೈದ್ಯರು ಪ್ರಮಾಣಪತ್ರ ಕೊಟ್ಟರೆ, ವರ್ಷಕ್ಕೆ 91 ದಿನಗಳವರೆಗೆ ಕೂಲಿಯಲ್ಲಿ ನೂರಕ್ಕೆ 70ರಷ್ಟು ದೊರೆಯುತ್ತದೆ.

ನಮ್ಮ ಜನರು ಇದಕ್ಕೆಲ್ಲ ‘ಹುಷಾರಿಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಪಾರಸಿಯಿಂದ ಬಂದ ಈ ಶಬ್ದದ ಮೂಲಾರ್ಥ ಎಚ್ಚರ. ತಿರುಗುವ ಯಂತ್ರದ ಎದುರು ನಿಂತವನ ಮಟ್ಟಿಗೆ ಇಂಗ್ಲಿಷಿನ ಎರಡು ಶಬ್ದಗಳಿಗಿಂತಲೂ ಇದೇ ಹೆಚ್ಚು ಸಮರ್ಪಕವೆಂದು ನಮಗೆ ತೋರುತ್ತದೆ. ಎಚ್ಚರ ತಪ್ಪಿದರೆ ಹೋಗುವುದು ಬೆರಳು. ಆದರೆ ಕಾಗದಪತ್ರಗಳಿಗೆ ಈ ಶಬ್ದ ತಿಳಿಯದು. ಮೂರು ದಿನ ಮನೆಯಲ್ಲಿ ಕಷಾಯ ಕುಡಿದು ಮಲಗಿದ್ದು, ನಾಲ್ಕನೆಯ ದಿನ ಔಷಧಾಲಯಕ್ಕೆ ಹೋದವನಿಗೆ ವೈದ್ಯರು ಹಿಂದಿನ ಮೂರು ದಿನಗಳಿಗೆ ಪ್ರಮಾಣಪತ್ರ ಬರೆದುಕೊಡುವುದು ಕಷ್ಟ. ಹುಷಾರು ತಪ್ಪಿದ ದಿನವೇ ಹೋಗಿ ತೋರಿಸಿಕೊಳ್ಳುವುದು ಒಳ್ಳೆಯದು.