ಟ್ರ್ಯಾಕ್ಟರಿನ ಕ್ಲಚ್ಚು ಸವೆದಿದೆಯೇ? ಹದ ಬರುವ ಮೊದಲೇ ನೋಡಿಕೊಳ್ಳಿ

ಹುಲಿಕುಂಟೆ ಸೀಮೆಯ ಕೆಂಪು ಮಣ್ಣು ಮಳೆ ನೀರನ್ನು ಬಹಳ ದಿನ ಹಿಡಿದಿಡುವುದಿಲ್ಲ. ಶಿರಾ, ಮಧುಗಿರಿ, ಪಾವಗಡದ ಖುಷ್ಕಿ ಹೊಲಗಳಲ್ಲಿ ಕಡಲೆಕಾಯಿ ಬಿತ್ತನೆಗೆ ಸಿಗುವ ಹದ ಕೆಲವೇ ದಿನಗಳದು. ಅಂಥ ಹೊತ್ತಿನಲ್ಲಿ ಟ್ರ್ಯಾಕ್ಟರಿನ ಎಂಜಿನ್ ಕೂಗುತ್ತಿದ್ದು, ಚಕ್ರ ಮಾತ್ರ ಮುಂದೆ ಸಾಗದಿದ್ದರೆ ರೈತನಿಗೆ ಆಗುವ ನಷ್ಟ ರಿಪೇರಿಯ ಖರ್ಚಿಗಿಂತ ದೊಡ್ಡದು. ಆದ್ದರಿಂದ ರೋಹಿಣಿ ಮಳೆ ಮುಗಿಯುವುದರೊಳಗೆ ಕ್ಲಚ್ಚನ್ನು ಒಮ್ಮೆ ಪರೀಕ್ಷಿಸಿಟ್ಟುಕೊಳ್ಳುವುದು ಜಾಣತನ.

ಕ್ಲಚ್ಚು ಮಾಡುವ ಕೆಲಸ

ಎಂಜಿನ್ನಿನ ಹಿಂದೆ ಫ್ಲೈವೀಲ್ ಎಂಬ ಭಾರದ ಚಕ್ರವಿದೆ. ಅದಕ್ಕೂ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಕುಳಿತಿರುತ್ತದೆ. ಸ್ಪ್ರಿಂಗುಗಳ ಒತ್ತಡದಿಂದ ಮೂರೂ ಒಂದಾಗಿ ತಿರುಗಿ ಎಂಜಿನ್ನಿನ ಶಕ್ತಿಯನ್ನು ಗೇರುಪೆಟ್ಟಿಗೆಗೆ ಮುಟ್ಟಿಸುತ್ತವೆ. ಪೆಡಲ್ ತುಳಿದಾಗ ಈ ಹಿಡಿತ ಬಿಡುತ್ತದೆ. ಪ್ಲೇಟಿನ ಎರಡೂ ಮುಖದ ಲೈನಿಂಗು ಸವೆದರೆ, ಅಥವಾ ಅದಕ್ಕೆ ಎಣ್ಣೆ ತಗುಲಿದರೆ, ಹಿಡಿತ ಜಾರುತ್ತದೆ.

ದೋಷ ಪತ್ತೆ ಹೇಗೆ?

ಉಳುವಾಗ ಎಂಜಿನ್ ಸದ್ದು ಏರಿ ಓಟ ಕುಗ್ಗಿದರೆ ಮೊದಲು ಹಿಂದಿನ ಚಕ್ರ ನೋಡಿ. ಚಕ್ರ ತಿರುಗುತ್ತಾ ಮಣ್ಣು ಕೆದರುತ್ತಿದ್ದರೆ ಅದು ಟೈರಿನ ಜಾರಿಕೆ, ಕ್ಲಚ್ಚಿನ ತಪ್ಪಲ್ಲ. ಎಂಜಿನ್ ವೇಗ ಏರಿಯೂ ಚಕ್ರ ನಿಧಾನವಾದರೆ ಕ್ಲಚ್ಚು ಜಾರುತ್ತಿದೆ ಎಂದು ತಿಳಿಯಿರಿ. ಸುಟ್ಟ ವಾಸನೆಯೂ ಬರಬಹುದು.

ಅಂಗಳದಲ್ಲೇ ಇನ್ನೊಂದು ಪರೀಕ್ಷೆ ಮಾಡಬಹುದು. ಸಮತಟ್ಟು ಜಾಗದಲ್ಲಿ ಟ್ರ್ಯಾಕ್ಟರನ್ನು ಟ್ರೈಲರ್ ಇಲ್ಲದೆ ನಿಲ್ಲಿಸಿ. ಮುಂದೆ ಹಿಂದೆ ಯಾರೂ ಇರಕೂಡದು. ಎರಡೂ ಬ್ರೇಕುಗಳನ್ನು ಜೋಡಿಸಿ ಬಿಗಿಯಾಗಿ ಹಿಡಿದು, ದೊಡ್ಡ ಗೇರು ಹಾಕಿ, ಪೆಡಲನ್ನು ಮೆಲ್ಲನೆ ಬಿಡಿ. ಎಂಜಿನ್ ನಿಂತುಹೋದರೆ ಕ್ಲಚ್ಚಿನ ಹಿಡಿತ ಚೆನ್ನಾಗಿದೆ. ಓಡುತ್ತಲೇ ಇದ್ದರೆ ಕೂಡಲೇ ಪೆಡಲ್ ತುಳಿಯಿರಿ. ಈ ಪರೀಕ್ಷೆಯನ್ನು ಪದೇ ಪದೇ ಮಾಡಿದರೆ ಪ್ಲೇಟು ಕಾದು ಕೆಡುತ್ತದೆ.

ಗೇರು ಹಾಕುವಾಗ ಕರಕರ ಸದ್ದು ಬಂದರೆ ಕ್ಲಚ್ಚು ಪೂರಾ ಬಿಡುತ್ತಿಲ್ಲ ಎಂದರ್ಥ. ಪೆಡಲ್ ತುಳಿದಾಗ ಮಾತ್ರ ಕಿರುಗುಟ್ಟಿದರೆ ರಿಲೀಸ್ ಬೇರಿಂಗ್ ಸವೆದಿರುವ ಸಂಭವ ಹೆಚ್ಚು.

ಬಿಚ್ಚುವ ಮೊದಲು ಎರಡು ತಪಾಸಣೆ

ಮೊದಲನೆಯದು ಪೆಡಲಿನ ಸಡಿಲ. ಕೈಯಿಂದ ಮೆಲ್ಲನೆ ಒತ್ತಿದರೆ ಬಿಗಿ ಸಿಗುವ ಮೊದಲು ಪೆಡಲ್ ಸ್ವಲ್ಪ ದೂರ ಹಗುರವಾಗಿ ಇಳಿಯಬೇಕು. ಅನೇಕ ಟ್ರ್ಯಾಕ್ಟರುಗಳಲ್ಲಿ ಇದು ಸುಮಾರು 20ರಿಂದ 30 ಮಿಲಿಮೀಟರ್. ನಿಮ್ಮ ಟ್ರ್ಯಾಕ್ಟರಿನ ಅಳತೆ ಅದರ ಕೈಪಿಡಿಯಲ್ಲಿದೆ. ಲೈನಿಂಗು ಸವೆದಂತೆ ಈ ಸಡಿಲ ಕಡಿಮೆಯಾಗುತ್ತದೆ. ಪೂರಾ ಇಲ್ಲವಾದರೆ ಯಾರೂ ತುಳಿಯದೆಯೂ ಕ್ಲಚ್ಚು ಅರ್ಧ ಬಿಟ್ಟಂತಾಗಿ ಜಾರುತ್ತದೆ. ಸಡಿಲ ಅತಿಯಾದರೆ ಗೇರು ಕರಕರ ಎನ್ನುತ್ತದೆ. ಎಂಜಿನ್ ನಿಲ್ಲಿಸಿ, ಪೆಡಲಿನ ಕಡ್ಡಿಯ ಲಾಕ್‌ನಟ್ಟು ಸಡಿಲಿಸಿ ಅಳತೆ ಸರಿಪಡಿಸಿ, ಮತ್ತೆ ಪರೀಕ್ಷಿಸಿ. ಇಷ್ಟರಲ್ಲೇ ಸರಿಹೋಗುವ ಕ್ಲಚ್ಚಿಗೆ ಹೊಸ ಪ್ಲೇಟು ಹಾಕಿಸುವುದು ದಂಡದ ಖರ್ಚು. ತಿರುಗಿಸಲು ಮರೆಯೇ ಉಳಿದಿಲ್ಲವಾದರೆ ಮಾತ್ರ ಪ್ಲೇಟು ಸವೆದಿದೆ ಎನ್ನಿ.

ಎರಡನೆಯದು ಎಣ್ಣೆ. ಕ್ಲಚ್ ಮನೆಯ ಅಡಿಯಿಂದ ಎಣ್ಣೆ ತೊಟ್ಟಿಕ್ಕುತ್ತಿದೆಯೇ ನೋಡಿ. ಎಂಜಿನ್ ಆಯಿಲಾದರೆ ಕ್ರ್ಯಾಂಕಿನ ಹಿಂದಿನ ಸೀಲು, ಗೇರ್ ಆಯಿಲಾದರೆ ಗೇರುಪೆಟ್ಟಿಗೆಯ ಮುಂದಿನ ಸೀಲು ಸೋರುತ್ತಿರಬಹುದು. ಸೀಲು ಬದಲಿಸದೆ ಹೊಸ ಪ್ಲೇಟು ಹಾಕಿದರೆ ಅದೂ ನೆನೆದು ಹಾಳಾಗುತ್ತದೆ.

ಡ್ಯುಯಲ್ ಕ್ಲಚ್ ಇರುವವರು ಇದನ್ನೂ ಗಮನಿಸಿ. ಪೆಡಲನ್ನು ಅರ್ಧ ತುಳಿದರೆ ಓಟ, ಪೂರಾ ತುಳಿದರೆ ಪಿ.ಟಿ.ಒ. ನಿಲ್ಲುತ್ತದೆ. ಓಟ ಸರಿಯಿದ್ದು ರೋಟವೇಟರ್ ಮಾತ್ರ ಸೋತರೆ ದೋಷ ಪಿ.ಟಿ.ಒ. ಪ್ಲೇಟಿನಲ್ಲಿರಬಹುದು.

ಬದಲಾವಣೆ: ಮನೆಯಲ್ಲೋ, ಗ್ಯಾರೇಜಿನಲ್ಲೋ?

ಕಾರಿನಲ್ಲಿ ಗೇರುಪೆಟ್ಟಿಗೆಯನ್ನು ಕಳಚಿ ಇಳಿಸಿದರೆ ಪ್ಲೇಟು ಕೈಗೆ ಸಿಗುತ್ತದೆ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಎಂಜಿನ್ನೂ ಗೇರುಪೆಟ್ಟಿಗೆಯೂ ಸೇರಿಯೇ ಗಾಡಿಯ ಬೆನ್ನೆಲುಬು. ಅದನ್ನು ನಡುವೆ ಎರಡು ಭಾಗ ಮಾಡಬೇಕು. ಬೇವಿನ ಮರದಡಿ ಕಲ್ಲು ಪೇರಿಸಿ ಈ ಕೆಲಸಕ್ಕೆ ಕೈಹಾಕಬೇಡಿ. ಭಾರ ವಾಲಿದರೆ ಪ್ರಾಣಕ್ಕೇ ಅಪಾಯ. ಗಟ್ಟಿ ಸಿಮೆಂಟು ನೆಲ, ಎರಡೂ ಭಾಗಕ್ಕೆ ಭದ್ರ ಸ್ಟ್ಯಾಂಡು, ಚೈನ್ ಬ್ಲಾಕು, ಕೆಲಸ ಬಲ್ಲ ಮೆಕ್ಯಾನಿಕ್ ಇದ್ದರೆ ಮಾತ್ರ ಅಂಗಳದಲ್ಲಿ ಮಾಡಿಸಬಹುದು. ಬ್ಯಾಟರಿ ತಂತಿ ತೆಗೆಸಿ. ಎಂಜಿನ್ ಪಕ್ಕಕ್ಕೆ ವಾಲದಂತೆ ಮುಂದಿನ ಆಕ್ಸಲ್ಲಿನ ಎರಡೂ ಬದಿಗೆ ಮರದ ಬೆಣೆ ಹೊಡೆಸಿ.

ಬಿಚ್ಚಿದ ಮೇಲೆ ನೀವೇ ನಿಂತು ಈ ಅಂಶಗಳನ್ನು ನೋಡಿಕೊಳ್ಳಿ:

1. ಲೈನಿಂಗು ರಿವೆಟ್ಟಿನ ತಲೆಯ ಮಟ್ಟಕ್ಕೆ ಸವೆದಿದ್ದರೆ ಪ್ಲೇಟು ಬದಲಿಸಿ.

2. ಫ್ಲೈವೀಲ್ ಮುಖದಲ್ಲಿ ಬಿರುಕು, ಆಳದ ಗೀರು, ಕಾದ ನೀಲಿ ಕಲೆ ಇವೆಯೇ ನೋಡಿ.

3. ರಿಲೀಸ್ ಬೇರಿಂಗನ್ನು ಈಗಲೇ ಬದಲಿಸುವುದು ಲಾಭ. ಅದೊಂದಕ್ಕಾಗಿ ಮತ್ತೆ ಗಾಡಿ ಬಿಚ್ಚಬೇಕಾಗುವುದಿಲ್ಲ.

4. ಹಳೆಯ ಪ್ಲೇಟಿನ ಯಾವ ಮುಖ ಎತ್ತ ಇತ್ತೆಂದು ಗುರುತಿಟ್ಟು, ಹೊಸದನ್ನೂ ಹಾಗೆಯೇ ಕೂರಿಸಬೇಕು. ನಡು ಸೇರಲು ಅಲೈನ್‌ಮೆಂಟ್ ಕಡ್ಡಿ ಬಳಸಬೇಕು.

5. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಪ್ರೆಷರ್ ಪ್ಲೇಟಿನ ಫಿಂಗರುಗಳ ಎತ್ತರ ಒಂದೇ ಸಮ ಇರಬೇಕು.

ಒಳಗಿನ ದೂಳನ್ನು ಊದಬೇಡಿ. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಬಾಳಿಕೆ ಚಾಲಕನ ಪಾದದಲ್ಲಿದೆ

ಓಡಿಸುವಾಗ ಪೆಡಲ್ ಮೇಲೆ ಪಾದ ಇಟ್ಟುಕೊಳ್ಳುವ ರೂಢಿ ಬಿಡಿ. ಏರಿನಲ್ಲಿ ಟ್ರೈಲರನ್ನು ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸಬೇಡಿ, ಬ್ರೇಕು ಬಳಸಿ. ಹೊಸ ಪ್ಲೇಟು ಹಾಕಿಸಿದ ಮೊದಲ ಕೆಲವು ದಿನ ಹಗುರ ಕೆಲಸ ಮಾಡಿಸಿ.

ಕೆಲಸ ಕಲಿಯಬಯಸುವ ಯುವಕರಿಗೆ ಪಾವಗಡದಾಚೆ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ರಿಪೇರಿ ತಡವಾದರೆ ಹತ್ತಿರದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲಿ ವಿಚಾರಿಸಿ. ಗಾಡಿ ಯಾರದಾದರೂ ಸರಿ, ಹದ ಆರುವ ಮುಂಚೆ ಬೀಜ ನೆಲ ಸೇರಬೇಕು.